ಕ್ಯಾಲೆಂಡರ್ ಮತ್ತು ಮೊಳೆ

ಹಲಸೂರು
ಫೆಬ್ರವರಿ 11, 2024

ಮಗಳೇ ಉಮಾ,

ನಾನು ಕ್ಷೇಮ ಎಂದು ಮೊದಲು ಬರೆಯಬೇಕಂತೆ, ಬರೆದೆ ಎಂದುಕೋ. ಬಚ್ಚಲಿನ ನಲ್ಲಿ ಸೋರುತ್ತದೆ, ಮನೆ ಮಾಲಕಿ ದೊಡ್ಡಮುನಿಯಮ್ಮನವರ ಬಾಯಿ ಅದಕ್ಕಿಂತ ಹೆಚ್ಚು ಸೋರುತ್ತದೆ. ಉಳಿದಂತೆ ದೇವರು ಚೆನ್ನಾಗಿಟ್ಟಿದ್ದಾನೆ. ನಿನ್ನದು ಹೇಳು. ಪೊಲೀಸ್ ತರಬೇತಿಯಲ್ಲಿ ಬೆಳಗಾದರೆ ಓಡಿಸುತ್ತಾರೆ ಎಂದಿದ್ದೆ, ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ? ಕಲಬುರಗಿಯ ಬಿಸಿಲು ನಮಗೆ ಹೊಸದಲ್ಲ, ಆದರೂ ನೀರು ಕುಡಿಯುತ್ತಿರು.

ಈಗ ಹೇಳುವ ಮಾತನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮಗೆ ಫೋನ್ ಕೊಡುವುದು ಭಾನುವಾರ ಮಾತ್ರ, ಅದೂ ನೀನು ಮಾತಾಡುವಾಗ ಹಿಂದೆ ಸಾಲು ನಿಂತ ಹುಡುಗಿಯರ ಉಸಿರು ನನಗೆ ಕೇಳಿಸುತ್ತದೆ. ಏಳನೇ ತರಗತಿಯವರೆಗೆ ಕಲಿತ ಅಕ್ಷರ ಇಂಥ ಹೊತ್ತಿಗಲ್ಲದೆ ಇನ್ಯಾವಾಗ ಉಪಯೋಗಕ್ಕೆ ಬರಬೇಕು?

ಇಂದಿರಾನಗರದಲ್ಲಿ ನಾನು ಅಡುಗೆ ಮಾಡುವ ಪಿಜಿಯ ಎದುರು ಹೊಂಗೆ ಮರದ ಕೆಳಗೆ ಒಂದು ಇಸ್ತ್ರಿ ಬಂಡಿ ಇದೆ. ಬಂಡಿಯವರ ಹೆಸರು ಮುತ್ತುರಾಜ್. ನನಗಿಂತ ಎರಡು ವರ್ಷ ದೊಡ್ಡವರು, ಹಾಗೆಂದರೆ ನೋಡಿದವರು ನಂಬುವುದಿಲ್ಲ. ಎತ್ತರದ ಆಳು. ಕಿವಿಯ ಮೇಲೆ ಮಾತ್ರ ನರೆ, ಅದೂ ಅಳತೆ ಮಾಡಿ ಹಚ್ಚಿದಂತೆ. ಬಿಳಿ ಅಂಗಿಯ ತೋಳು ಮಡಚಿ ನಿಂತರೆ ದಾರಿಯಲ್ಲಿ ಹೋಗುವವರು ಒಮ್ಮೆ ತಿರುಗಿ ನೋಡಿಯೇ ಹೋಗುತ್ತಾರೆ. ನಮ್ಮ ಪಿಜಿಯ ಹುಡುಗಿಯರು ಇಸ್ತ್ರಿ ಬೇಡದ ಬಟ್ಟೆಯನ್ನೂ ಒಯ್ದು ಕೊಡುತ್ತಾರೆ. ಒಬ್ಬಳು ಟವೆಲ್ ಒಯ್ದಿದ್ದಳು.

ದೀಪಾವಳಿಯ ಹೊತ್ತಿಗೆ ನನ್ನದೂ ಒಂದು ಸೀರೆ ಕೊಟ್ಟಿದ್ದೆ. ಸೆರಗು ಸುಟ್ಟುಕೊಂಡು ಬಂತು. ನಾನು ಬಿಡುವವಳೇ? ಆ ಹುಡುಗಿಯರೆಲ್ಲರ ಎದುರೇ, “ಮಂದಿ ಮಾರಿ ನೋಡೂದ್ರಾಗ ನನ್ನ ಸೀರಿ ಸುಟ್ಟೀರಿ. ಕೈಯಾಗಿನ ಪೆಟಗಿ ಕಡೆ ಲಕ್ಷ್ಯ ಇರ್ಲಿ!” ಎಂದೆ. ಅವರು ತಲೆ ತಗ್ಗಿಸಿ, “ತಪ್ಪಾಯ್ತು ಕಣಮ್ಮ. ಅದು ಸರಿ, ದಿನಾ ಮಧ್ಯಾಹ್ನ ಒಳಗಿಂದ ಪಟಪಟ ಅಂತ ಸದ್ದು ಬರುತ್ತಲ್ಲ, ಏನದು?” ಎಂದು ಕೇಳಿದರು. ರೊಟ್ಟಿ ಬಡಿಯುವ ಸದ್ದು ಎಂದೆ. ಮರುದಿನ ಅಡುಗೆಮನೆಯ ಹಿಂಬಾಗಿಲಲ್ಲಿ ನಿಂತಿದ್ದರು. ಬದನೆಕಾಯಿ ಎಣ್ಣೆಗಾಯಿ ಜೊತೆ ಎರಡು ರೊಟ್ಟಿ ಕೊಟ್ಟೆ. ಮೆಟ್ಟಿಲ ಮೇಲೆ ಕೂತು ತಿಂದು, ತಟ್ಟೆ ತೊಳೆದಿಟ್ಟು ಹೋದರು. ಅಂದಿನಿಂದ ಮಧ್ಯಾಹ್ನದ ಚಹಾ ಅಲ್ಲೇ. ಹೆಂಡತಿ ತೀರಿಹೋಗಿ ಆರು ವರ್ಷವಾಯಿತಂತೆ, ಮಕ್ಕಳಿಲ್ಲವಂತೆ.

ಹೋದ ತಿಂಗಳು ಒಂದು ದಿನ ಲೋಟ ಕೆಳಗಿಟ್ಟು, “ಭಾನುವಾರ ಕೆರೆ ಕಡೆ ಬರ್ತೀರಾ? ಸುಮ್ನೆ, ಒಂದು ರೌಂಡ್” ಎಂದರು. ಯಾರನ್ನು ಕೇಳುತ್ತಿದ್ದಾರೆಂದು ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಗ್ಯಾಸ್ ಸಿಲಿಂಡರ್ ಇತ್ತು.

ಹೋದೆ, ಉಮಾ. ಮುಂದಿನ ಭಾನುವಾರವೂ ಹೋದೆ. ದೊಡ್ಡಮುನಿಯಮ್ಮನವರು ಎಲ್ಲಿ ನೋಡಿದರೋ, ರಾತ್ರಿ ಬಾಗಿಲಿಗೇ ಬಂದರು. “ಅವ್ನು ಒಳ್ಳೆ ಕ್ಯಾಲೆಂಡರ್ ಫೋಟೋ ಇದ್ದಂಗವ್ನೆ. ನೀನು ನೋಡಿದ್ರೆ ಕ್ಯಾಲೆಂಡರ್ ತಗ್ಲಾಕೋ ಮೊಳೆ ಇದ್ದಂಗಿದ್ದೀಯ” ಎಂದರು. “ಮೊಳಿ ಇರ್ಲಿಲ್ಲಂದ್ರ ಕ್ಯಾಲೆಂಡರ್ ಎಲ್ಲಿ ನಿಲ್ತದ್ರೀ?” ಎಂದೆ. ಬಾಯಿ ಮುಚ್ಚಿಸಿದೆ, ಸರಿ. ಆದರೆ ಬಾಗಿಲು ಹಾಕಿಕೊಂಡ ಮೇಲೆ ಆ ಮಾತು ನನ್ನ ಜೊತೆಯೇ ಒಳಗೆ ಉಳಿಯಿತು.

ನನಗೆ ಅವರೆಂದರೆ ಇಷ್ಟ. ನಿನ್ನಪ್ಪ ಹೋದ ಮೇಲೆ ಈ ಮಾತನ್ನು ಯಾರ ಬಗ್ಗೆಯೂ ಹೇಳಬೇಕಾಗಿ ಬಂದಿರಲಿಲ್ಲ. ನಿನಗೆ ತಿಳಿಸದೆ ನಾನು ಏನನ್ನೂ ಮಾಡುವವಳಲ್ಲ, ಅದಕ್ಕೇ ಬರೆದೆ.

ನಿನ್ನ ಅವ್ವ,
ಸಾಬಮ್ಮ


ಕಲಬುರಗಿ
ಫೆಬ್ರವರಿ 25, 2024

ಅವ್ವಾ,

ನಿನ್ನ ಪತ್ರ ಬಂತು. ಓದಿ ಟ್ರಂಕಿನಲ್ಲಿಟ್ಟು ಬೀಗ ಹಾಕಿದೆ. ಪಕ್ಕದ ಮಂಚದ ಕಾವೇರಿ ಯಾಕೆ ಮುಖ ಹೀಗಿದೆ ಎಂದು ಕೇಳಿದಳು. ತಲೆನೋವು ಎಂದೆ.

ನಮಗೆ ಈಗ ವಿಚಾರಣೆಯ ಪಾಠ ನಡೆದಿದೆ. ಯಾವ ವಿಷಯದಲ್ಲೇ ಆಗಲಿ, ಇದರಿಂದ ಯಾರಿಗೆ ಲಾಭ ಎಂದು ಮೊದಲು ಕೇಳಿಕೊಳ್ಳಬೇಕಂತೆ. ಹಾಗಾಗಿ ಕೇಳುತ್ತಿದ್ದೇನೆ. ಇಂದಿರಾನಗರದಂಥ ಜಾಗದಲ್ಲಿ ಹೆಣ್ಣುಮಕ್ಕಳೆಲ್ಲ ತಿರುಗಿ ನೋಡುವ ಗಂಡಸು ಅಡುಗೆಮನೆಯ ಮೆಟ್ಟಿಲ ಮೇಲೆ ಬಂದು ಕೂರುವುದು ಬರೀ ರೊಟ್ಟಿಗಾಗಿಯೇ? ಸುರಪುರದ ಕಡೆ ನಿನ್ನ ಹೆಸರಿನಲ್ಲಿ ಎರಡು ಎಕರೆ ಇರುವುದು ಅವನಿಗೆ ಗೊತ್ತಿದೆಯೇ? ನನಗೆ ಸರ್ಕಾರಿ ನೌಕರಿ ಆದದ್ದು ಗೊತ್ತಿದೆಯೇ? ಅವನ ಹೆಂಡತಿ ಸತ್ತದ್ದನ್ನು ಅವನಲ್ಲದೆ ಬೇರೆ ಯಾರಾದರೂ ನಿನಗೆ ಹೇಳಿದ್ದಾರೆಯೇ?

ಸಿಟ್ಟಾಗಬೇಡ. ನೀನೂ ದಿನಾ ಕನ್ನಡಿ ನೋಡಿಕೊಳ್ಳುವವಳು. ನಾನು ಬಿಡಿಸಿ ಹೇಳಬೇಕೆ?

ಅವನ ಪೂರ್ತಿ ಹೆಸರು, ಮನೆಯ ವಿಳಾಸ ಬರೆದು ಕಳಿಸು. ಸುಮ್ಮನೆ, ನನಗೆ ತಿಳಿದಿರಲಿ ಎಂದು.

ನಿನ್ನ ಮಗಳು,
ಉಮಾಶ್ರೀ


ಹಲಸೂರು
ಮಾರ್ಚ್ 17, 2024

ಉಮಾ,

ನೀನು ಹೇಳಿದಂತೆ ಕನ್ನಡಿ ನೋಡಿಕೊಂಡೆ. ಅದೇ ಮುಖ, ಹಲ್ಲು ಅಷ್ಟೇ ಮುಂದೆ. ನಿನ್ನ ಪತ್ರ ಓದಿದ ದಿನ ಸಾರಿಗೆ ಉಪ್ಪು ಹಾಕುವುದು ಮರೆತೆ. ಹುಡುಗಿಯರು ತಾವೇ ಹಾಕಿಕೊಂಡು ಉಂಡರು.

ಹೊಲದ ವಿಷಯ ಅವರಿಗೆ ಗೊತ್ತಿಲ್ಲ. ನಿನ್ನ ನೌಕರಿ ಗೊತ್ತು, ನಾನೇ ಮೂರು ಸಲ ಹೇಳಿ ಹೆಮ್ಮೆಪಟ್ಟಿದ್ದೇನೆ. ಮುತ್ತುರಾಜ್, ಅಪ್ಪನ ಹೆಸರು ಕೃಷ್ಣನ್. ಮನೆ ಇಲ್ಲೇ ಹಲಸೂರಿನಲ್ಲಿ, ಸೋಮೇಶ್ವರ ಗುಡಿಯ ಹಿಂದಿನ ಗಲ್ಲಿಯಲ್ಲಿ, ಮೂಲೆಯ ಹಸಿರು ಬಾಗಿಲು. ತಿಳಿದಿಟ್ಟುಕೋ, ನನ್ನದೇನೂ ಮುಚ್ಚುಮರೆ ಇಲ್ಲ.

ನಿನಗೆ ಒಂದು ಮಾತು ಹೇಳಲೇಬೇಕು. ಅವರ ಜೊತೆ ಹೋಗುವಾಗ ನಾನು ಪಕ್ಕದಲ್ಲಿ ನಡೆಯುವುದಿಲ್ಲ, ಸ್ವಲ್ಪ ಹಿಂದೆ ನಡೆಯುತ್ತೇನೆ. ಅವರು ನಿಂತರೆ ನಾನು ಬೇರೇನೋ ನೋಡುವವಳಂತೆ ನಿಲ್ಲುತ್ತೇನೆ. ಅವರಿಗೆ ಅದು ಸೇರುವುದಿಲ್ಲ. ನನಗೆ ಅದಿಲ್ಲದೆ ಕಾಲೇ ಏಳುವುದಿಲ್ಲ.

ಹೋದ ಭಾನುವಾರ ಸುಟ್ಟ ಸೀರೆಯ ಬದಲಿಗೆ ಹೊಸದು ಕೊಡಿಸುತ್ತೇನೆಂದು ಶಿವಾಜಿನಗರಕ್ಕೆ ಕರೆದುಕೊಂಡು ಹೋದರು. ಅಂಗಡಿಯವನು ನನ್ನ ಕಡೆ ನೋಡದೆ ಅವರನ್ನೇ ನೋಡುತ್ತ, “ನಿಮ್ಮ ಅಕ್ಕಂಗೆ ಡಾರ್ಕ್ ಕಲರ್ ಬೇಡ ಸಾರ್, ಲೈಟ್ ತೋರಿಸ್ತೀನಿ” ಎಂದ. ನನಗೆ ಕೆಟ್ಟದೆನಿಸಲಿಲ್ಲ. ನಿಜ ಹೇಳಬೇಕೆಂದರೆ ಹಗುರವೇ ಆಯಿತು. ಅಕ್ಕನಾದರೆ ಯಾರೂ ಏನೂ ಕೇಳುವುದಿಲ್ಲ, ಎಲ್ಲಿ ಬೇಕಾದರೂ ಕೂರಬಹುದು. ಆಗ ಅವರು ಸೀರೆಯ ಮೇಲಿಂದ ಕಣ್ಣೆತ್ತದೆ, “ಅಕ್ಕ ಅಲ್ಲಪ್ಪ, ನಮ್ಮನೆಯವ್ರು. ಆ ಮರೂನ್ ತೆಗಿ” ಎಂದರು.

ಅಂಗಡಿಯವನು ಅವರನ್ನು ನೋಡಿದ, ನನ್ನನ್ನು ನೋಡಿದ, ತುಟಿಯ ತುದಿಗೆ ನಗು ಬಂತು. ಹೊರಗೆ ಬಂದ ಮೇಲೆ ನಾನು ಜಗಳಕ್ಕೇ ನಿಂತೆ. “ಹಂಗ್ಯಾಕ ಅಂದ್ರಿ? ಅವಾ ನಗ್ಲಿಕ್ಕತ್ತಿದ್ದ.” “ನಗ್ಲಿ ಬಿಡಿ. ನಾನೇನು ಅವ್ನಿಗೋಸ್ಕರ ಹೇಳಿದ್ನಾ?” ಎಂದರು. ಮಾರ್ಕೆಟ್ಟಿನ ಗದ್ದಲದಲ್ಲಿ ನಡೆಯುತ್ತ ನಾನು ಆ ಮಾತನ್ನೇ ಮತ್ತೆ ಮತ್ತೆ ಅಂದುಕೊಂಡೆ. ನಮ್ಮನೆಯವರು. ನಿನ್ನಪ್ಪ ಹುಲಿಗೆಪ್ಪ ನನ್ನನ್ನು ‘ಏ ಕರಿ’ ಎಂದು ಕರೆಯುತ್ತಿದ್ದ. ಕೆಟ್ಟ ಮನುಷ್ಯನಲ್ಲ, ಬಾಯಿ ರೂಢಿ. ಹೆಂಡತಿಯನ್ನು ಹೀಗೂ ಕರೆಯಬಹುದೆಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು.

ನಿನ್ನ ತರಬೇತಿ ಮುಗಿದ ಮೇಲೆ ಮದುವೆ ರಿಜಿಸ್ಟರ್ ಮಾಡಿಸೋಣ ಎನ್ನುತ್ತಿದ್ದಾರೆ. ಮಗಳು ಒಪ್ಪಿದ ಮೇಲೆ ಎಂದಿದ್ದೇನೆ. ಒಪ್ಪು ಎಂದು ಕೇಳಲು ನನಗೆ ನಾಚಿಕೆ, ಒಪ್ಪಬೇಡ ಎನ್ನಲು ಮನಸ್ಸಿಲ್ಲ.

ನಿನ್ನ ಅವ್ವ


ಕಲಬುರಗಿ
ಏಪ್ರಿಲ್ 1, 2024

ಅವ್ವಾ,

ವಿಳಾಸ ಸಿಕ್ಕಿತು. ನಾನು ಹೇಳುವವರೆಗೆ ಯಾವ ಮಾತೂ ಕೊಡಬೇಡ, ಯಾವ ಕಾಗದಕ್ಕೂ ಸಹಿ ಹಾಕಬೇಡ. ಉಳಿದದ್ದು ನನಗೆ ಬಿಡು.

ಫೈರಿಂಗ್‌ನಲ್ಲಿ ನನಗೆ ಒಳ್ಳೆಯ ಅಂಕ ಬಂದಿದೆ. ಊಟ ಪರವಾಗಿಲ್ಲ.

ಉಮಾಶ್ರೀ


ಹಲಸೂರು
ಮೇ 12, 2024

ಉಮಾ,

ಬಂಡಿ ಇಲ್ಲ.

ಒಂದು ಸೋಮವಾರ ಮಧ್ಯಾಹ್ನ ಅವರು ಚಹಾಕ್ಕೆ ಬರಲಿಲ್ಲ. ಮರುದಿನ ನೋಡಿದರೆ ಹೊಂಗೆ ಮರದ ಕೆಳಗೆ ಇದ್ದಿಲಿನ ಬೂದಿ ಮಾತ್ರ. ಫೋನ್ ಎತ್ತುತ್ತಿಲ್ಲ. ಹಸಿರು ಬಾಗಿಲಿಗೆ ಎರಡು ಸಲ ಹೋದೆ, ಬೀಗ. ಕೊನೆಗೆ ಪಿಜಿಯ ವಾಚ್‌ಮನ್ ಮುನಿಆಂಜನಪ್ಪ ಹೇಳಿದ: “ಪೊಲೀಸ್ನೋರು ಬಂದಿದ್ರು ಕಣಮ್ಮ. ಗಾಡಿ ಹತ್ರಾನೇ ನಿಲ್ಸಿ, ಎಷ್ಟು ಜನ ಹೆಂಗಸ್ರಿಗೆ ಹಿಂಗೆ ಮೋಸ ಮಾಡಿದ್ದೀಯ ಅಂದ್ರು. ಹುಡ್ಗೀರೆಲ್ಲ ನಿಂತು ನೋಡ್ತಿದ್ರು. ಆಮೇಲೆ ಸ್ಟೇಷನ್ನಾಗೆ ಸಾಯಂಕಾಲದ ಗಂಟ ಬೆಂಚ್ ಮೇಲೆ ಕೂರ್ಸಿದ್ರಂತೆ.”

ಯಾರು ಮಾಡಿದರು ಇದನ್ನು? ಯಾಕೆ ಮಾಡಿದರು? ಅವರು ನನಗೆ ಒಂದು ಮಾತೂ ಹೇಳದೆ ಹೋದರಲ್ಲ.

ರೊಟ್ಟಿ ಬಡಿಯುವಾಗ ಜೋರಾಗಿ ಬಡಿಯುತ್ತೇನೆ. ಎಲ್ಲೇ ಇದ್ದರೂ ಕೇಳಿಸಲಿ ಎಂಬ ಹುಚ್ಚು. ಚಹಾ ಸೋಸುವಾಗ ಕೈ ತಾನಾಗಿ ಎರಡು ಲೋಟ ಇಡುತ್ತದೆ, ಒಂದನ್ನು ಸಿಂಕಿಗೆ ಸುರಿಯುತ್ತೇನೆ. ಬಸ್ಸಿನಲ್ಲಿ ಬಿಳಿ ಅಂಗಿಯ ಬೆನ್ನು ಕಂಡರೆ ಮುಂದೆ ಹೋಗಿ ಮುಖ ನೋಡಿ ಬರುತ್ತೇನೆ. ಹಸಿವೆಯನ್ನು ತಡೆದು ಗೊತ್ತಿದೆ ನನಗೆ, ನಿನ್ನನ್ನು ಓದಿಸುವಾಗ ಎಷ್ಟೋ ಸಲ ತಡೆದಿದ್ದೇನೆ. ಇದು ಅದಕ್ಕಿಂತ ಕೆಟ್ಟದ್ದು.

ಇನ್ನೊಂದು ಹೇಳಲೇ? ಅವರು ಕಾಣೆಯಾದದ್ದು ನನಗೆ ಆಶ್ಚರ್ಯವಾಗಲಿಲ್ಲ. ಕೊನೆಗೆ ಆಗುವುದು ಇದೇ ಎಂದು ಮನಸ್ಸು ಮೊದಲ ದಿನದಿಂದಲೂ ಹೇಳುತ್ತಲೇ ಇತ್ತು. ಅದು ಗೆದ್ದೆ ಎಂದು ಈಗ ಒಳಗೆ ಕೂತು ನಗುತ್ತಿದೆ.

ಅವ್ವ


ಕಲಬುರಗಿ
ಮೇ 20, 2024

ಅವ್ವಾ,

ನಾನೇ ಮಾಡಿದ್ದು.

ಕಾವೇರಿಯ ಅಣ್ಣ ಲಕ್ಷ್ಮಿಕಾಂತ ಬೆಂಗಳೂರಿನಲ್ಲಿ ಕಾನ್‌ಸ್ಟೆಬಲ್. ಅವರಿಗೆ ಆ ವಿಳಾಸ ಕೊಟ್ಟು, ಮನುಷ್ಯ ಹೇಗೆ ಎಂದು ಗುಟ್ಟಾಗಿ ವಿಚಾರಿಸಿ ಎಂದಿದ್ದೆ. ಅವರು ತಮಗೆ ಗೊತ್ತಿದ್ದ ರೀತಿಯಲ್ಲಿ ವಿಚಾರಿಸಿದರು. ‘ಆ ಹೆಂಗಸಿನ ಕಡೆಯಿಂದ ದೂರು ಬಂದಿದೆ’ ಎಂದೂ ಹೇಳಿದರಂತೆ. ಮುತ್ತುರಾಜ್ ಅವರು ನೀನೇ ದೂರು ಕೊಟ್ಟೆ ಎಂದುಕೊಂಡಿದ್ದಾರೆ. ಆ ಸುದ್ದಿ ನನಗೆ ಹೋದ ಭಾನುವಾರ ತಿಳಿಯಿತು. ಅವರ ಮೇಲೆ ಯಾವ ತಕರಾರೂ ಇಲ್ಲವಂತೆ. ಅವರ ಹೆಂಡತಿ ಕಾಯಿಲೆಯಾಗಿಯೇ ಹೋದದ್ದು, ಕೊನೆಯವರೆಗೆ ಇವರೇ ನೋಡಿಕೊಂಡರೆಂದು ಗಲ್ಲಿಯವರೆಲ್ಲ ಹೇಳಿದರಂತೆ.

ಅವ್ವಾ, ನನಗೂ ನಿನ್ನದೇ ಮುಖ. ಡಿಗ್ರಿಯಲ್ಲಿದ್ದಾಗ ನಮ್ಮ ಕ್ಲಾಸಿನ ಬಹಳ ಚೆಂದದ ಹುಡುಗನೊಬ್ಬ ನನ್ನ ಜೊತೆ ಓಡಾಡುತ್ತಿದ್ದ. ನೀನು ನಕ್ಕರೆ ಚೆನ್ನಾಗಿ ಕಾಣುತ್ತೀ ಎನ್ನುತ್ತಿದ್ದ. ನಾನು ಅವನ ಪ್ರಾಕ್ಟಿಕಲ್ ರೆಕಾರ್ಡ್ ಎಲ್ಲ ಬರೆದುಕೊಟ್ಟೆ, ಚಿತ್ರ ಬಿಡಿಸಿಕೊಟ್ಟೆ. ಪರೀಕ್ಷೆ ಮುಗಿದ ಮಾರನೆಯ ದಿನ ಬಸ್ ನಿಲ್ದಾಣದಲ್ಲಿ ಗುರುತೇ ಇಲ್ಲದವನಂತೆ ಮುಖ ತಿರುಗಿಸಿಕೊಂಡು ಹೋದ. ಚೆಂದ ಇರುವವರು ನಮ್ಮಂಥವರ ಹತ್ತಿರ ಬಂದರೆ ಏನೋ ಬೇಕಾಗಿಯೇ ಬರುತ್ತಾರೆ ಎಂದು ಅಂದೇ ತೀರ್ಮಾನ ಮಾಡಿದೆ. ನಿನ್ನ ಮೊದಲ ಪತ್ರ ಓದಿದಾಗ ನನಗೆ ಕಂಡದ್ದು ಅವನ ಮುಖ.

ಮುತ್ತುರಾಜ್ ಅವರ ಮನೆಯ ವಿಳಾಸಕ್ಕೆ ಕ್ಷಮೆ ಕೇಳಿ ಬರೆದಿದ್ದೇನೆ. ತಲುಪುತ್ತದೋ ಇಲ್ಲವೋ. ನೀನು ನನಗೆ ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಉಮಾ


ಬೆಂಗಳೂರು
ಜೂನ್ 19, 2024

ಉಮಾಶ್ರೀಯವರಿಗೆ ಮುತ್ತುರಾಜ್ ಬರೆಯುವುದು.

ನನಗೆ ಕಾಗದ ಬರೆದು ರೂಢಿಯಿಲ್ಲ. ಕನ್ನಡ ಶಾಲೆಯಲ್ಲಿ ಒಂಬತ್ತರವರೆಗೆ ಓದಿದೆ, ಮನೆಯಲ್ಲಿ ತಮಿಳು. ತಪ್ಪಿದ್ದರೆ ತಿದ್ದಿಕೊಳ್ಳಿ. ನಿಮ್ಮ ಕಾಗದ ಬಾಗಿಲಡಿ ಬಿದ್ದಿತ್ತು. ಈಗ ಬಂಡಿ ಕುಕ್ ಟೌನಿನಲ್ಲಿ, ಪಾರ್ಕಿನ ಪಕ್ಕದ ರಸ್ತೆಯಲ್ಲಿ ಇದೆ. ಅಲ್ಲೇ ತಂಗಿಯ ಮನೆಯಲ್ಲಿ ಇರುತ್ತೇನೆ.

ಮಗಳಾದವಳು ತಾಯಿಯ ವಿಷಯದಲ್ಲಿ ಕೇಳಬೇಕಾದದ್ದೇ, ಅದಕ್ಕೆ ನನಗೆ ಬೇಜಾರಿಲ್ಲ. ಬೆಂಚಿನ ಮೇಲೆ ಕೂರಿಸಿದ್ದು ಅವಮಾನವೇ, ಆದರೆ ಅದೂ ಹೋಗುತ್ತದೆ. ನನಗೆ ಹೋಗದೆ ಉಳಿದದ್ದು ಬೇರೆ. ಆ ಹೆಂಗಸಿನ ಕಡೆಯಿಂದ ಎಂದು ಅವರು ಹೇಳಿದ ಕೂಡಲೇ ನಾನು ನಂಬಿಬಿಟ್ಟೆ. ನಿಮ್ಮ ತಾಯಿ ಹಾಗೆ ಮಾಡುವವರಲ್ಲ ಎಂದು ನನಗೆ ಒಂದು ಕ್ಷಣವೂ ಅನ್ನಿಸಲಿಲ್ಲ. ಯಾಕೆಂದರೆ ಅವರು ಒಂದು ದಿನವೂ ನನ್ನ ಮಾತು ನಂಬಿದವರಲ್ಲ. ಚೆನ್ನಾಗಿದ್ದೀರಿ ಎಂದರೆ ಬೈಯುತ್ತಿದ್ದರು. ಪಕ್ಕದಲ್ಲಿ ಬನ್ನಿ ಎಂದರೆ ಚಪ್ಪಲಿ ಸರಿಮಾಡುವವರಂತೆ ಹಿಂದೆ ಉಳಿಯುತ್ತಿದ್ದರು. ನಾನು ದೊಡ್ಡ ಉಪಕಾರ ಮಾಡುತ್ತಿರುವ ಹಾಗೆ ನೋಡುತ್ತಿದ್ದರು. ನಾನು ಉಪಕಾರ ಮಾಡುತ್ತಿರಲಿಲ್ಲ ತಾಯೀ, ನನಗೆ ಅವರು ಬೇಕಾಗಿತ್ತು.

ಈ ಮುಖ ನಾನು ಸಂಪಾದಿಸಿದ್ದಲ್ಲ, ನಮ್ಮಮ್ಮನದು. ಇದನ್ನು ನೋಡಿ ಹತ್ತಿರ ಬಂದವರೂ ಉಂಟು, ಇದನ್ನು ನೋಡಿ ದೂರ ಇಟ್ಟವರೂ ಉಂಟು. ನನ್ನನ್ನು ಎದುರು ನಿಂತು ಬೈದವರು ನಿಮ್ಮ ತಾಯಿ ಒಬ್ಬರೇ.

ಮತ್ತೆ ಹೋಗಿ, ನನ್ನನ್ನು ನಂಬಿ ಎಂದು ಅಂಗಲಾಚಲು ನನ್ನಿಂದ ಆಗುವುದಿಲ್ಲ. ಈ ಕಾಗದ ಅವರಿಗೆ ತೋರಿಸಬೇಡಿ ಎನ್ನುವುದಿಲ್ಲ, ತೋರಿಸಿ ಎಂದೂ ಹೇಳುವುದಿಲ್ಲ. ನೀವು ಚೆನ್ನಾಗಿ ತರಬೇತಿ ಮುಗಿಸಿ.

ಮುತ್ತುರಾಜ್


ಕಲಬುರಗಿ
ಜುಲೈ 1, 2024

ಅವ್ವಾ,

ಅವರ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ನಿನ್ನ ಪತ್ರ ಬಾರದೆ ಇಷ್ಟು ದಿನವಾಯಿತು. ಫೋನ್ ಮಾಡಿದರೂ ‘ಉಂಡೆಯಾ’ ಎಂದು ಮಾತ್ರ ಕೇಳುತ್ತೀ. ಹೋಗು ಎಂದು ಹೇಳಲು ನನಗೆ ಈಗ ಬಾಯಿಲ್ಲ. ಆದರೂ ಹೇಳುತ್ತೇನೆ. ಹೋಗವ್ವ.

ಉಮಾ


ಹಲಸೂರು
ಆಗಸ್ಟ್ 18, 2024

ಉಮಾ,

ನಿನಗೆ ಬೈದು ಬರೆಯಬೇಕೆಂದು ಎಷ್ಟು ಸಲ ಕೂತೆನೋ. ಆ ಹುಡುಗನ ರೆಕಾರ್ಡ್ ಬರೆದುಕೊಟ್ಟೆ ಎಂದಿದ್ದೆಯಲ್ಲ, ಅಲ್ಲಿಗೆ ಬಂದಾಗ ಪ್ರತಿ ಸಲ ಬೈಗುಳ ನಿಂತುಹೋಗುತ್ತಿತ್ತು. ನನ್ನ ಮುಖ ನಿನಗೆ ಕೊಟ್ಟೆ, ಅದರಲ್ಲಿ ನನ್ನದೇನೂ ನಡೆಯುವುದಿಲ್ಲ. ನನ್ನ ಅಂಜಿಕೆಯನ್ನೂ ಜೊತೆಗೆ ಕೊಟ್ಟೆನಲ್ಲ, ಅದೇ ನನಗೆ ಸಂಕಟ.

ಅವರ ಕಾಗದ ಬಂದ ಮೇಲೆ ಮೊದಲ ಭಾನುವಾರವೇ ಕುಕ್ ಟೌನಿಗೆ ಹೋದೆ. ಹಳೆ ಬಂಗಲೆಯೊಂದರ ಕಾಂಪೌಂಡಿಗೆ ತಾಗಿ ಬಂಡಿ ನಿಂತಿತ್ತು. ಸ್ವಲ್ಪ ಇಳಿದುಹೋಗಿದ್ದಾರೆ, ಆದರೂ ಬಿಳಿ ಅಂಗಿಯ ತೋಳು ಹಾಗೆಯೇ ಮಡಚಿದ್ದರು. “ಬಂದ್ರಾ” ಎಂದರು, ತಲೆ ಎತ್ತಲಿಲ್ಲ. “ಪೊಲೀಸರ್ನ ನಾ ಕಳಿಸಿಲ್ರೀ. ಆದ್ರ ನಿಮ್ಮನ್ನ ನಂಬಿದ್ದಿಲ್ಲ, ಅದು ಖರೇನ” ಎಂದೆ. “ಗೊತ್ತು” ಎಂದು ಇನ್ನೊಂದು ಪ್ಯಾಂಟ್ ಹರಡಿದರು. ನಾನು ಬಂಡಿಯ ಪಕ್ಕಕ್ಕೆ ಹೋಗಿ ನಿಂತೆ.

ಅಷ್ಟರಲ್ಲಿ ಬಂಗಲೆಯ ಅಜ್ಜಿ ಬಟ್ಟೆ ಕೊಡಲು ಬಂದವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಯಾರು ರಾಜ್ ಇವ್ರು? ಮನೆ ಕೆಲ್ಸ ಹುಡುಕ್ತಿದ್ದಾರಾ?” ಎಂದು ಕೇಳಿದರು. ಮುತ್ತುರಾಜ್ ಅವರು ಬಾಯಿ ತೆರೆಯುವುದರಲ್ಲಿದ್ದರು. ನಾನು ಬಿಡಲಿಲ್ಲ. “ಕೆಲಸಕ್ಕಲ್ರೀ ಅಮ್ಮಾರೆ. ಇವರ ಮ್ಯಾಲ ಮನಸಾಗಿ ಬಂದೀನಿ” ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಅವರನ್ನು ನೋಡಿದರು, ನನ್ನನ್ನು ನೋಡಿದರು. ನೋಡಲಿ ಎಂದು ನಾನೂ ನಿಂತೆ. ಓಡಿಹೋಗಬೇಕೆನಿಸಿತು, ಹೋಗಲಿಲ್ಲ.

ಅಂದು ಅವರು ಉಳಿದ ಬಟ್ಟೆಯನ್ನೆಲ್ಲ ಇಸ್ತ್ರಿ ಮಾಡಿ ಮುಗಿಸಿದರು. ಬಂಡಿ ಮುಚ್ಚುವವರೆಗೆ ನಿಂತು ಬಸ್ಸಿಗೆ ಬಂದೆ. ಮುಂದಿನ ಭಾನುವಾರವೂ ಹೋದೆ, ಅದರ ಮುಂದಿನದೂ. ಕೂರುವುದಕ್ಕೆ ಅಲ್ಲಿ ಜಾಗವಿಲ್ಲ. ಇರುವುದು ಅವರದೊಂದು ಸ್ಟೂಲ್, ಅದರ ಮೇಲೆ ಇಸ್ತ್ರಿಯಾದ ಬಟ್ಟೆಯ ಗಂಟು. ಬಟ್ಟೆ ಕೊಡಲು ಬಂದವರೆಲ್ಲ ಒಂದು ಸಲ ನನ್ನನ್ನು ನೋಡುತ್ತಾರೆ, ಆಮೇಲೆ ಅವರನ್ನು ನೋಡುತ್ತಾರೆ, ಇಬ್ಬರದೂ ಲೆಕ್ಕ ತಾಳೆಯಾಗದೆ ಹೋಗುತ್ತಾರೆ. ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಕಡಿಮೆಯಾಗಿದೆ ಎಂದು ನಿನಗೆ ಸುಳ್ಳು ಬರೆಯಲಾರೆ. ಅವರು ಮಾತ್ರ “ಬಿಸ್ಲು, ಈ ಕಡೆ ಬನ್ನಿ” ಎನ್ನುವುದು ಬಿಟ್ಟರೆ ಮಾತಿಲ್ಲ. ಬರಬೇಡಿ ಎಂದೂ ಹೇಳಲಿಲ್ಲ. ವಾರವಿಡೀ ನಾನು ಅದೊಂದನ್ನೇ ನೆನೆಸಿಕೊಂಡು ಹಿಟ್ಟು ನಾದುತ್ತಿದ್ದೆ.

ಇವತ್ತೂ ಹೋಗಿದ್ದೆ. ಮೋಡವಾಗಿತ್ತು, ಬಸ್ ತಡವಾಯಿತು. ದೂರದಿಂದ ನೋಡಿದರೆ ಅವರು ಪೆಟ್ಟಿಗೆ ಪಕ್ಕಕ್ಕಿಟ್ಟು ರಸ್ತೆಯ ಕಡೆಗೇ ನೋಡುತ್ತ ನಿಂತಿದ್ದರು. ನನ್ನನ್ನು ಕಂಡ ಕೂಡಲೇ ಬಗ್ಗಿ ಇದ್ದಿಲು ಕೆದಕತೊಡಗಿದರು. ನಾನು ಹೋಗಿ ಎಂದಿನ ಜಾಗದಲ್ಲಿ ನಿಂತೆ. ಅವರು ಬಂಡಿಯ ಕೆಳಗೆ ಕೈ ಹಾಕಿ ಒಂದು ನೀಲಿ ಪ್ಲಾಸ್ಟಿಕ್ ಸ್ಟೂಲ್ ತೆಗೆದು, ಕಾಲಿನಿಂದ ನನ್ನ ಕಡೆ ತಳ್ಳಿದರು. ಹೊಚ್ಚ ಹೊಸದು. ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು.

ನಾನು ಕೂತೆ.

ನಿನ್ನ ಅವ್ವ,
ಸಾಬಮ್ಮ